ಹಾಡು ಕೇಳಿ ಮೈ ಜುಮ್ಮೆಂದರೆ ನಿಮ್ಮ ಮೆದುಳು ‘ವಿಶೇಷ’ವೇ?

ಹಾಡು ಕೇಳಿ ರೋಮಾಂಚನವಾಗುವವರ ಮೆದುಳು ವಿಶೇಷ, ಉಳಿದವರಿಗೆ ಭಾವನೆಗಳೇ ಕಡಿಮೆ ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಇದು ನಿಜವೇ? ನಾವು ಪರಿಶೀಲಿಸಿದೆವು.

ರೋಮಾಂಚನವಂತೂ ನಿಜ. ಭಾವನೆ ಉಕ್ಕಿದಾಗ ಕೂದಲ ಬುಡದ ಪುಟ್ಟ ಸ್ನಾಯುಗಳು ಬಿಗಿಯಾಗಿ ಕೂದಲು ನಿಮಿರುತ್ತದೆ. ಚಳಿ, ಭಯದಲ್ಲಿ ಆಗುವುದೂ ಇದೇ. ಹಾಡು ಕೇಳುವಾಗಿನ ಇಂಥ ಕ್ಷಣಗಳಲ್ಲಿ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುತ್ತದೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಇಷ್ಟದ ಭಾಗ ಇನ್ನೇನು ಬರುತ್ತದೆ ಎಂದು ಕಾಯುವಾಗಲೂ ಅದು ಬಿಡುಗಡೆಯಾಗುತ್ತದೆ.

‘ವಿಶೇಷ ಮೆದುಳಿಗೆ’ ಆಧಾರವಾಗಿ 2016ರ ಅಧ್ಯಯನವೊಂದನ್ನು ತೋರಿಸಲಾಗುತ್ತದೆ. ರೋಮಾಂಚನವಾಗುವವರಲ್ಲಿ ಕೇಳುವಿಕೆ ಮತ್ತು ಭಾವನೆಯ ಭಾಗಗಳನ್ನು ಬೆಸೆಯುವ ನರತಂತುಗಳು ಹೆಚ್ಚಿದ್ದವು, ಸರಿ. ಆದರೆ ಸ್ಕ್ಯಾನ್ ಮಾಡಿದ್ದು ಕೇವಲ 20 ಮಂದಿಯನ್ನು. ಅವರಲ್ಲಿ 10 ಮಂದಿಗೆ ರೋಮಾಂಚನವಾಗುತ್ತಿತ್ತು, 10 ಮಂದಿಗೆ ಇಲ್ಲ. ಇಷ್ಟರಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು.

ಸಂಗೀತದಿಂದ ಖುಷಿಯೇ ಸಿಗದವರೂ ಇದ್ದಾರೆ. 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ಪರೀಕ್ಷಿಸಿದಾಗ, ಹಣ ಗೆಲ್ಲುವ ಆಟದಲ್ಲಿ ಅಂಥವರೂ ಎಲ್ಲರಂತೆಯೇ ಸ್ಪಂದಿಸಿದರು. ಅಂದರೆ ಅವರ ಖುಷಿ ಬತ್ತಿಲ್ಲ, ಅದರ ದಾರಿ ಬೇರೆ.

ನಮ್ಮ ತೀರ್ಮಾನ: ಸಂದೇಶ ಅರ್ಧಸತ್ಯ. ಹಾಡಿಗೆ ಮೈ ಜುಮ್ಮೆನ್ನದಿದ್ದರೆ ಅದು ಕಾಯಿಲೆಯಲ್ಲ, ಕಲ್ಲುಮನಸ್ಸೂ ಅಲ್ಲ. ಹಾಗೆಂದು ಯಾರನ್ನಾದರೂ ಹಂಗಿಸುವ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ.