ತೆಗೆದ ಚಿತ್ರ, ಆಡಿದ ಮಾತು: ಹವ್ಯಾಸಿ ಛಾಯಾಗ್ರಾಹಕರ ಕೂಟಗಳ ಕಥೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ, ನಮ್ಮ ಬಾಯಲ್ಲಿ ಬರೀ ಡಿಐಪಿಯ, ಯಾವ ಕ್ಯಾಂಪಿನ ಯಾವ ಕೋಣೆಗೆ ಹೋದರೂ ಇಂದು ಮಂಚಕ್ಕೊಂದು ಕ್ಯಾಮೆರಾ ಇದೆ. ಅದನ್ನು ಫೋನು ಎಂದು ಕರೆಯುತ್ತೇವೆ, ಅಷ್ಟೆ. ರಜೆಯ ದಿನ ಮೆಟ್ರೋ ಹತ್ತಿ ಮರೀನಾಕ್ಕೋ ಬುರ್ಜ್ ಖಲೀಫಾ ಕಡೆಗೋ ಹೋಗಿ ಬಂದರೆ ಐವತ್ತು ಚಿತ್ರ. ಅದರಲ್ಲಿ ಹತ್ತನ್ನು ಊರಿನ ಗ್ರೂಪಿಗೆ ಕಳಿಸುತ್ತೇವೆ. ಆ ಕಡೆಯಿಂದ ಒಂದು ಹೆಬ್ಬೆರಳು, ಒಂದು ಹೃದಯ, ಒಂದು ‘ಸೂಪರ್ ಅಣ್ಣ’. ಅಲ್ಲಿಗೆ ಆ ಚಿತ್ರದ ಆಯುಷ್ಯ ಮುಗಿಯಿತು.

ಚಿತ್ರ ತೆಗೆಯುವುದು ಇಷ್ಟು ಸುಲಭವಾಗುವ ಮೊದಲು ಹವ್ಯಾಸಿಗಳಿಗೆ ಇನ್ನೊಂದು ಪದ್ಧತಿಯಿತ್ತು. ತೆಗೆದದ್ದನ್ನು ನಾಲ್ಕು ಜನರ ಮುಂದೆ ಇಡುವುದು, ಅವರು ಏನನ್ನುತ್ತಾರೋ ಕೇಳುವುದು. ಕನ್ನಡ ನಾಡಿನಲ್ಲಿ ಈ ಪದ್ಧತಿಗೆ ಒಳ್ಳೆಯ ಇತಿಹಾಸವಿದೆ. ನಾವು ದುಡಿಯುತ್ತಿರುವ ಈ ಮರಳುನಾಡಿನಲ್ಲೂ ಇದೆ. ಅದನ್ನು ಇಲ್ಲಿ ನೆನಪಿಸಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಗೆ ಹೇಳುತ್ತೇವೆ.

ಹಳೇಬೀಡಿನಿಂದ ಮದರಾಸಿಗೆ

ಫೋಟೋಗ್ರಫಿ ಎಂಬ ವಿದ್ಯೆ ಪ್ಯಾರಿಸ್‌ನಲ್ಲಿ ಲೋಕಕ್ಕೆ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಹದಿನೈದೇ ವರ್ಷಗಳಲ್ಲಿ ಅದು ನಮ್ಮ ಹೊಯ್ಸಳ ಗುಡಿಗಳ ಮುಂದೆ ಬಂದು ನಿಂತಿತು. ಲಿನಿಯಸ್ ಟ್ರೈಪ್ ಎಂಬವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. ಆಗಿನ್ನೂ ಫೋಟೋಗ್ರಫಿ ಅವನಿಗೆ ಹವ್ಯಾಸ ಮಾತ್ರ. 1854ರ ಡಿಸೆಂಬರಿನಲ್ಲಿ ಆಂಡ್ರ್ಯೂ ನೀಲ್ ಎಂಬ ವೈದ್ಯನ ಜೊತೆ ಹೊರಟು ಹಳೇಬೀಡು, ಬೇಲೂರು, ಶ್ರವಣಬೆಳಗೊಳದಲ್ಲಿ ಚಿತ್ರ ತೆಗೆದ. ಆಗ ನೆಗೆಟಿವ್ ಎಂದರೆ ರಾಸಾಯನಿಕ ಹಚ್ಚಿದ ದೊಡ್ಡ ಕಾಗದ. ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ. ಜೊತೆಗೆ ಮುಕ್ಕಾಲಿ, ಔಷಧಿ ಸೀಸೆಗಳು, ಕತ್ತಲೆ ಮಾಡಿಕೊಳ್ಳುವ ಸಾಮಾನು.

ಮುಂದಿನ ಫೆಬ್ರವರಿಯಲ್ಲಿ, ಎಂದರೆ 1855ರಲ್ಲಿ, ಮದರಾಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಟ್ರೈಪ್ ಅಲ್ಲಿ 68 ಚಿತ್ರಗಳನ್ನು ಇಟ್ಟ. ಅಲ್ಲಿಯವರೆಗೆ ಯಾರೂ ಫೋಟೋ ತೆಗೆಯದಿದ್ದ ಗುಡಿಗಳು ಅವು. ತೀರ್ಪುಗಾರರು ನೋಡಿ, ಕಾಗದದ ಮೇಲಿನ ದೃಶ್ಯಗಳಲ್ಲಿ ಇದೇ ಅತ್ಯುತ್ತಮ ಸರಣಿ ಎಂದು ತೀರ್ಮಾನಿಸಿದರು. ಅದೇ ವರ್ಷ ಬರ್ಮಾಕ್ಕೆ ಹೊರಟ ನಿಯೋಗದ ಜೊತೆ ಅವನನ್ನು ಚಿತ್ರ ತೆಗೆಯಲು ಕಳಿಸಿದರು. 1856ರಲ್ಲಿ ಮದರಾಸು ಸರ್ಕಾರ ಅವನನ್ನೇ ತನ್ನ ಛಾಯಾಗ್ರಾಹಕನನ್ನಾಗಿ ಮಾಡಿಕೊಂಡಿತು. ಚಿತ್ರಗಳನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಇದರಲ್ಲಿ ನಾವು ದುಡಿಯುವವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಪುಸ್ತಕಗಳಲ್ಲಿ ಟ್ರೈಪ್ ಹೆಸರಿದೆ, ನೀಲ್ ಹೆಸರಿದೆ. ಆ ಭಾರದ ಪೆಟ್ಟಿಗೆಗಳನ್ನು ಹೊತ್ತು ನಡೆದವರ ಹೆಸರಿಲ್ಲ.

ಬೆಂಗಳೂರಿನ ಮೇಜಿನ ಸುತ್ತ

ಭಾರತದಲ್ಲಿ ಹವ್ಯಾಸಿಗಳ ಮೊದಲ ಸಂಘ ಹುಟ್ಟಿದ್ದು ಮುಂಬಯಿಯಲ್ಲಿ, 1854ರಲ್ಲಿ. ಎರಡು ವರ್ಷದಲ್ಲಿ ಕಲ್ಕತ್ತಾ, ಮದರಾಸುಗಳಲ್ಲೂ ಸಂಘಗಳಾದವು. ಅವು ಹೆಚ್ಚಾಗಿ ದೊರೆಗಳ, ಸಿರಿವಂತರ ಕೂಟಗಳು. ಸಾಧಾರಣ ಸಂಬಳದವನ ಕೈಗೆ ಕ್ಯಾಮೆರಾ ಬರಲು ಬಹಳ ಕಾಲ ಬೇಕಾಯಿತು.

ಸ್ವಾತಂತ್ರ್ಯದ ನಂತರದ ಬೆಂಗಳೂರು ಇಡೀ ದೇಶದ ಹವ್ಯಾಸಿಗಳಿಗೆ ಒಂದು ಕೇಂದ್ರವಾಯಿತು. ಅದಕ್ಕೆ ಮುಖ್ಯ ಕಾರಣ ಡಾ. ಜಿ. ಥಾಮಸ್. 1953ರಲ್ಲಿ ದೇಶದ ಕ್ಲಬ್ಬುಗಳನ್ನೆಲ್ಲ ಒಂದುಗೂಡಿಸುವ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟುವಲ್ಲಿ ಅವರ ಶ್ರಮ ದೊಡ್ಡದು. ಅದರ ಪತ್ರಿಕೆ ‘ವ್ಯೂಫೈಂಡರ್’ ಊರೂರಿನ ಹವ್ಯಾಸಿಗಳನ್ನು ಜೋಡಿಸಿತು. ಯುರೋಪಿನಲ್ಲಿ 1950ರಲ್ಲಿ ಹುಟ್ಟಿದ್ದ ‘ಫಿಯಾಪ್’ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಜೊತೆಗೂ ಸಂಬಂಧ ಬೆಳೆಯಿತು. ಬೆಂಗಳೂರಿನ ಹುಡುಗನೊಬ್ಬ ಮನೆಯ ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಮುದ್ರಿಸಿದ ಚಿತ್ರ ಅಂಚೆಯಲ್ಲಿ ಹೊರದೇಶಕ್ಕೆ ಹೋಗಿ, ಅಲ್ಲಿ ಗೋಡೆಯ ಮೇಲೆ ತೂಗಾಡಿ, ಹಿಂಬದಿಗೆ ಒಂದು ಚೀಟಿ ಅಂಟಿಸಿಕೊಂಡು ವಾಪಸು ಬರುವುದು ಸಾಧ್ಯವಾಯಿತು. ಆ ಚೀಟಿಗಳೇ ಹವ್ಯಾಸಿಗಳ ಪದಕ.

1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ವೈಪಿಎಸ್ ಎಂದೇ ಅದರ ಹೆಸರು. ನೃಪತುಂಗ ರಸ್ತೆಯ ಯುವಜನ ಕೇಂದ್ರದಲ್ಲಿ ಸೇರುತ್ತಿದ್ದ ಈ ಕೂಟ ಐವತ್ತು ವರ್ಷ ದಾಟಿ ಬಂದಿದೆ. ‘ದೃಷ್ಟಿ’ ಎಂಬ ಅದರ ಪತ್ರಿಕೆಯೂ ಹವ್ಯಾಸಿಗಳಿಗೆ ಚಿರಪರಿಚಿತ.

ಇಂಥ ಕ್ಲಬ್ಬುಗಳ ಕೆಲಸ ನಡೆಯುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಚಿತ್ರವನ್ನು ದೀಪದ ಕೆಳಗೆ ಇಡುತ್ತಾರೆ, ಅಥವಾ ಸ್ಲೈಡ್ ಆದರೆ ಪರದೆಯ ಮೇಲೆ ಬಿಡುತ್ತಾರೆ. ಒಬ್ಬರು ಹಿಂದಿನ ಕಂಬವನ್ನು ತೋರಿಸಿ, ‘ಇದು ಅವನ ತಲೆಯಿಂದಲೇ ಹುಟ್ಟಿದ ಹಾಗಿದೆಯಲ್ಲ, ಎರಡು ಹೆಜ್ಜೆ ಎಡಕ್ಕೆ ಸರಿಯಬೇಕಿತ್ತು’ ಎನ್ನುತ್ತಾರೆ. ಇನ್ನೊಬ್ಬರು, ‘ಮುಖದ ಮೇಲೆ ಬೆಳಕೇ ಇಲ್ಲ, ಒಂದು ಗಂಟೆ ಕಾಯಬೇಕಿತ್ತು’ ಎನ್ನುತ್ತಾರೆ. ಸ್ಪರ್ಧೆಗಳಲ್ಲಂತೂ ತೆಗೆದವರ ಹೆಸರು ತೀರ್ಪುಗಾರರಿಗೆ ಕಾಣಿಸುವುದಿಲ್ಲ. ಮಂತ್ರಿಯ ಚಿತ್ರವೂ ಗುಮಾಸ್ತನ ಚಿತ್ರವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇದು ಉತ್ಪ್ರೇಕ್ಷೆಯ ಮಾತಲ್ಲ. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು.

ವಿದ್ಯೆ ಕೈಯಿಂದ ಕೈಗೆ ದಾಟುತ್ತಿದ್ದದ್ದೂ ಹೀಗೆಯೇ. ಬೆಂಗಳೂರಿನ ಓ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದನ್ನು ಕಲಿತ ಟಿ.ಎನ್.ಎ. ಪೆರುಮಾಳ್ ಮುಂದೆ ಜಗತ್ತು ಗುರುತಿಸಿದ ಛಾಯಾಗ್ರಾಹಕರಾದರು. 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ತಾವೇ ಒಂದು ಶಿಷ್ಯಪರಂಪರೆಯನ್ನು ಬೆಳೆಸಿದ್ದರು. ಇ. ಹನುಮಂತರಾವ್ ಅವರದೂ ಇದೇ ಕಾಲದ ಹೆಸರು. ಮೂಡಿಗೆರೆಯ ಕಾಫಿ ತೋಟದಲ್ಲಿ ಕುಳಿತು ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರು ಆ ಚಿತ್ರಗಳನ್ನೂ ಕನ್ನಡದ ಮಾತನ್ನೂ ಒಟ್ಟಿಗೆ ಕೊಟ್ಟರು. ಮೈಸೂರಿನ ಟಿ.ಎಸ್. ಸತ್ಯನ್ ಅವರು ಪತ್ರಿಕಾ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಂಡು, ದೊಡ್ಡವರ ಸಮಾರಂಭಗಳಷ್ಟೇ ಅಕ್ಕರೆಯಿಂದ ಬೀದಿಯ ಮಕ್ಕಳನ್ನೂ ದುಡಿಯುವ ಸಾಮಾನ್ಯರನ್ನೂ ನೋಡಿದರು.

ಅದೇ 1971, ಇತ್ತ ಮರಳುನಾಡಿನಲ್ಲಿ

ಬೆಂಗಳೂರಿನಲ್ಲಿ ವೈಪಿಎಸ್ ಹುಟ್ಟಿದ ವರ್ಷವೇ ನಾವಿರುವ ಈ ದೇಶವೂ ಹುಟ್ಟಿತು. 1971ರ ಡಿಸೆಂಬರ್ 2ರಂದು ಜುಮೇರಾದ ಯೂನಿಯನ್ ಹೌಸ್‌ನಲ್ಲಿ ಆಳರಸರು ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದರು. ಧ್ವಜಸ್ತಂಭದ ಕೆಳಗೆ ಅವರೆಲ್ಲ ನಿಂತ ಚಿತ್ರವನ್ನು ಪ್ರತಿ ರಾಷ್ಟ್ರೀಯ ದಿನಕ್ಕೂ ಕಟ್ಟಡಗಳ ಮೇಲೆ ನೋಡುತ್ತೇವೆ. 2021ರಲ್ಲಿ ಬಂದ 50 ದಿರ್ಹಾಮ್ ನೋಟಿನಲ್ಲೂ ಅದೇ ಸಂದರ್ಭದ ದೃಶ್ಯವಿದೆ. ಸಂಬಳದ ದಿನ ನಮ್ಮ ಕೈಗೂ ಬಂದು ಹೋಗುವ ನೋಟು ಅದು.

ಆ ಚಿತ್ರ ತೆಗೆದವರು ರಮೇಶ್ ಶುಕ್ಲಾ, ಮುಂಬಯಿಯವರು. 1965ರಲ್ಲಿ ಒಂದು ರೋಲಿಕಾರ್ಡ್ ಕ್ಯಾಮೆರಾ ಹಿಡಿದು ಶಾರ್ಜಾಕ್ಕೆ ಬಂದಿಳಿದರು. ಆ ಕ್ಯಾಮೆರಾಕ್ಕೆ ಹಾಕುವ ಒಂದು ರೋಲಿನಲ್ಲಿ ಹನ್ನೆರಡೇ ಚಿತ್ರ. ಒಂಟೆ ಓಟದಲ್ಲಿ ತೆಗೆದ ಚಿತ್ರಗಳನ್ನು ಮುದ್ರಿಸಿ ಶೇಖ್ ಝಾಯೆದ್ ಅವರಿಗೆ ಒಯ್ದು ತೋರಿಸಿದಾಗ, ಅವರು ಅದರ ಮೇಲೆ ಸಹಿ ಹಾಕಿ ಪೆನ್ನನ್ನೂ ಕೊಟ್ಟರೆಂದು ಶುಕ್ಲಾ ಹೇಳಿಕೊಂಡಿದ್ದಾರೆ. ಅವರಿಗಿಂತ ಮೊದಲೇ, 1958ರಲ್ಲಿ, ಗ್ವಾದರ್ ಮೂಲದ ನೂರ್ ಅಲಿ ರಶೀದ್ ದುಬೈಗೆ ಬಂದಿದ್ದರು. ಫೋಟೋ ಹುಚ್ಚು ಬಿಟ್ಟು ಮನೆಯ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಹುಚ್ಚು ಬಿಡಲಿಲ್ಲ. ಮುಂದೆ ಅವರು ಅರಮನೆಗಳ ಛಾಯಾಗ್ರಾಹಕರೆಂದೇ ಪ್ರಸಿದ್ಧರಾದರು. ಈ ದೇಶದ ಬಾಲ್ಯವನ್ನು ಉಳಿಸಿಕೊಟ್ಟವರಲ್ಲಿ ಹೊಟ್ಟೆಪಾಡಿಗೆಂದು ಕಡಲು ದಾಟಿ ಬಂದವರೂ ಇದ್ದಾರೆ ಎಂಬುದು ನಮಗೆ ಹೆಮ್ಮೆಯ ಮಾತು.

ಹವ್ಯಾಸಿಗಳಿಗೂ ಇಲ್ಲಿ ಜಾಗವಿದೆ. 2011ರಲ್ಲಿ ಆರಂಭವಾದ ಹಮ್ದಾನ್ ಅಂತರರಾಷ್ಟ್ರೀಯ ಛಾಯಾಗ್ರಹಣ ಪ್ರಶಸ್ತಿಗೆ ಯಾರು ಬೇಕಾದರೂ ಚಿತ್ರ ಕಳಿಸಬಹುದು. ಅಲ್ ಖೋಝ್‌ನ ಅಲ್ಸರ್ಕಲ್ ಅವೆನ್ಯೂದಲ್ಲಿ ಗಲ್ಫ್ ಫೋಟೋ ಪ್ಲಸ್ ಸಂಸ್ಥೆ ‘ಸ್ಲೈಡ್‌ಫೆಸ್ಟ್’ ಎಂಬ ಸಂಜೆಗಳನ್ನು ನಡೆಸಿಕೊಂಡು ಬಂದಿದೆ. ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಅವುಗಳ ಬಗ್ಗೆ ಮಾತಾಡುವ ಸಂಜೆ ಅದು.

ನಮ್ಮ ಚಿತ್ರ ಎಲ್ಲಿ?

ಈಗ ಮೊದಲು ಹೇಳಿದ ಕಾರಣಕ್ಕೆ ಬರೋಣ. ಡಿಐಪಿ ಆರಂಭವಾದದ್ದು 1997ರಲ್ಲಿ. ಸುಮಾರು 2,300 ಹೆಕ್ಟೇರ್ ಮರಳು ಇಂದು ಕಾರ್ಖಾನೆ, ಗೋದಾಮು, ಮನೆ, ಕ್ಯಾಂಪುಗಳ ಊರಾಗಿದೆ. 2021ರಿಂದ ಮೆಟ್ರೋ ನಿಲ್ದಾಣವೂ ಇದೆ. ಈ ಊರನ್ನು ಕಟ್ಟಿದ ಕೈಗಳಲ್ಲಿ ಕನ್ನಡದ ಕೈಗಳೂ ಇವೆ. ಅದರ ಚಿತ್ರ ಎಲ್ಲಿದೆ? ಗೋಪುರಗಳ ಚಿತ್ರ ಎಲ್ಲರಲ್ಲೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಕಂಪನಿ ಬಸ್ಸಿಗೆ ಸಾಲು ನಿಂತವರದು, ವರಾಂಡದ ಹಗ್ಗದ ಮೇಲೆ ಒಣಗುವ ಕವರಾಲುಗಳದು, ಸಾಮೂಹಿಕ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ರಾಯಚೂರಿನವನ ಪಕ್ಕ ಮೀನು ಸಾರು ಕುದಿಸುವ ಕುಂದಾಪುರದವನದು ಎಷ್ಟಿವೆ?

ಇದ್ದರೂ ಊರಿಗೆ ಕಳಿಸುವುದಿಲ್ಲ. ಹಿಂದೆ ಬೇರೆಯವರ ಕಾರಿಗೆ ಒರಗಿ ನಿಂತು ಫೋಟೋ ತೆಗೆಸಿ, ರಜೆಗೆ ಹೊರಟವರ ಕೈಯಲ್ಲಿ ಕಾಗದದ ಜೊತೆ ಕೊಟ್ಟು ಕಳಿಸುವವರಿದ್ದರು. ಅಮ್ಮ ನೊಂದುಕೊಳ್ಳಬಾರದು ಎಂಬ ಆಸೆ ಅದರಲ್ಲಿತ್ತು. ಆ ಆಸೆ ತಪ್ಪಲ್ಲ. ಆದರೆ ಎಲ್ಲರೂ ಕಾರಿನ ಚಿತ್ರವನ್ನೇ ಉಳಿಸಿ ಮಂಚದ ಚಿತ್ರವನ್ನು ಅಳಿಸಿದರೆ, ನಾಳೆ ನಮ್ಮ ಮೊಮ್ಮಕ್ಕಳು ನಾವು ಇಲ್ಲಿಗೆ ಪ್ರವಾಸ ಬಂದಿದ್ದೆವೆಂದು ತಿಳಿಯುತ್ತಾರೆ. ಪೆಟ್ಟಿಗೆ ಹೊತ್ತವರ ಹೆಸರಿಲ್ಲದ ಕಥೆ ಮತ್ತೊಮ್ಮೆ ನಡೆಯುತ್ತದೆ. ಈ ಸಲ ಕ್ಯಾಮೆರಾ ನಮ್ಮ ಕೈಯಲ್ಲೇ ಇದ್ದೂ ನಡೆಯುತ್ತದೆ.

ಆದ್ದರಿಂದ ಹಳೆಯ ಕ್ಲಬ್ಬುಗಳ ಪದ್ಧತಿಯನ್ನು ನಮ್ಮ ಕೋಣೆಗಳಿಗೂ ತರಬಹುದು. ದೊಡ್ಡ ಖರ್ಚೇನೂ ಇಲ್ಲ. ತಿಂಗಳಿಗೆ ಒಂದು ರಜೆಯ ಸಂಜೆ ಐದಾರು ಜನ ಸೇರಿ ತಲಾ ಎರಡು ಚಿತ್ರ ತಂದರೆ ಸಾಕು. ಫೋನಿನಿಂದ ಫೋನಿಗೆ ದಾಟಿಸದೆ, ಕೆಲವು ದಿರ್ಹಾಮ್ ಕೊಟ್ಟು ಮುದ್ರಿಸಿ ತಂದರೆ ಇನ್ನೂ ಒಳ್ಳೆಯದು. ತೆಗೆದವನು ಮೊದಲು ಮಾತಾಡಬಾರದು. ನೋಡಿದವರು ಕಂಡದ್ದನ್ನು ಹೇಳಲಿ. ಮಾತು ಚಿತ್ರದ ಮೇಲಿರಲಿ, ಮನುಷ್ಯನ ಮೇಲಲ್ಲ. ಕೊನೆಗೆ ತೆಗೆದವನು ಯಾವಾಗ, ಎಲ್ಲಿ, ಯಾರು ಎಂದು ಹೇಳಲಿ. ಅದನ್ನು ಚಿತ್ರದ ಬೆನ್ನ ಮೇಲೆ ಕನ್ನಡದಲ್ಲಿ ಬರೆದಿಡೋಣ.

ಎರಡು ಎಚ್ಚರಿಕೆ ಅಗತ್ಯ. ಒಬ್ಬರ ಒಪ್ಪಿಗೆಯಿಲ್ಲದೆ ಅವರ ಖಾಸಗಿ ಚಿತ್ರ ತೆಗೆಯುವುದು, ಹಂಚುವುದು ಈ ದೇಶದಲ್ಲಿ ಅಪರಾಧ. ಜೈಲು ಮತ್ತು ಭಾರೀ ದಂಡದ ಮಾತು ಅದು. ಕೋಣೆಯ ಗೆಳೆಯನಾದರೂ ಕೇಳಿಯೇ ತೆಗೆಯಬೇಕು. ಕಂಪನಿಯ ಅನುಮತಿಯಿಲ್ಲದೆ ಸೈಟು, ಕಾರ್ಖಾನೆಗಳೊಳಗೆ ತೆಗೆಯಲೇಬಾರದು. ಸೇನೆ, ಅರಮನೆ, ಸರ್ಕಾರಿ ಕಟ್ಟಡಗಳ ಕಡೆಗಂತೂ ಕ್ಯಾಮೆರಾ ತಿರುಗಿಸುವುದೇ ಬೇಡ. ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿದುಹೋಗುತ್ತದೆ. ಉಳಿಸಬೇಕಾದದ್ದನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಊರಿನಲ್ಲಿ ಒಂದು ಪ್ರತಿ ಇಡಿಸಬೇಕು.

ಡಾ. ಥಾಮಸ್, ಪೆರುಮಾಳ್ ಅವರಂಥವರ ಕೈಯಲ್ಲಿದ್ದದ್ದು ಎಣಿಕೆಯ ಫಿಲ್ಮು, ಎಣಿಕೆಯ ಬಿಡುವು. ನಮ್ಮ ಬಳಿ ಲೆಕ್ಕವಿಲ್ಲದಷ್ಟು ಚಿತ್ರಗಳಿವೆ, ಬಿಡುವು ಮಾತ್ರ ಎಣಿಕೆಯದು. ಅದರಲ್ಲೇ ತಿಂಗಳಿಗೆ ಒಂದು ಸಂಜೆಯನ್ನು ಇದಕ್ಕೆ ತೆಗೆದಿಟ್ಟರೆ, ಮುಂದಿನ ಸಂಚಿಕೆಗಳಲ್ಲಿ ಗೋಪುರಗಳ ಜೊತೆಗೆ ಅವುಗಳನ್ನು ಕಟ್ಟಿದವರ ಮುಖಗಳೂ, ಮುಖದ ಕೆಳಗೆ ಹೆಸರುಗಳೂ ಇರುತ್ತವೆ.