ಬೀಗದ ಕೈ ಹಿಡಿದವರು

ಬೆಂಗಳೂರಿನ ಶೇಷಾದ್ರಿ ರಸ್ತೆಯ ಪಕ್ಕದಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಿದೆ. 2000ದವರೆಗೆ ಅದು ನಗರದ ಕೇಂದ್ರ ಕಾರಾಗೃಹವಾಗಿತ್ತು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1860ರ ದಶಕದಲ್ಲಿ, ಕಟ್ಟಿದ ಸೆರೆಮನೆ ಅದು. ಅದರ ನಡುವಣ ಕಾವಲುಗೋಪುರ ಇಂದಿಗೂ ನಿಂತಿದೆ. ಒಬ್ಬನೇ ಕಾವಲುಗಾರ ಅಲ್ಲಿ ನಿಂತು ಸುತ್ತಲಿನ ಬ್ಯಾರಕ್ಕುಗಳೆಲ್ಲದರ ಮೇಲೆ ಕಣ್ಣಿಡಬೇಕೆಂಬುದು ಅದನ್ನು ಕಟ್ಟಿದವರ ಉದ್ದೇಶ. ಕೈದಿಗಳ ಮೇಲೆ ಕಣ್ಣಿಡುವುದಕ್ಕೆ ಗೋಪುರವೇನೋ ಆಯಿತು. ಗೋಪುರದಲ್ಲಿ ನಿಂತವನ ಮೇಲೆ ಕಣ್ಣಿಡುವವರು ಯಾರು? ಈ ಪ್ರಶ್ನೆಯನ್ನು ಹಿಡಿದುಕೊಂಡು, ಬ್ರಿಟಿಷರ ಕಾಲದ ಸೆರೆಮನೆಯ ಅಧಿಕಾರಿಗಳ ಕರ್ತವ್ಯಗಳೇನಿದ್ದವು ಎಂಬುದನ್ನು ಈ ಹೊತ್ತು ಸ್ವಲ್ಪ ನೋಡೋಣ.

ಸೆರೆಮನೆಯ ಕಥೆ ನಮಗೆ ತಿಳಿದಿರುವುದು ಬಹುಮಟ್ಟಿಗೆ ಒಳಗಿದ್ದವರಿಂದ. ಸ್ವಾತಂತ್ರ್ಯ ಹೋರಾಟಗಾರರ ನೆನಪುಗಳನ್ನು ನಾವು ಓದಿದ್ದೇವೆ, ಹಿರಿಯರಿಂದ ಕೇಳಿದ್ದೇವೆ. ಬೀಗದ ಕೈ ಹಿಡಿದವರು ಆ ನೆನಪುಗಳಲ್ಲಿ ಒಮ್ಮೆ ಕ್ರೂರಿಗಳಾಗಿ, ಒಮ್ಮೆ ಕರುಣಾಳುಗಳಾಗಿ ಬಂದು ಹೋಗುತ್ತಾರೆ. ಆದರೆ ವ್ಯಕ್ತಿಯ ಗುಣದೋಷಗಳಿಗಿಂತ ಆಚೆಗೆ ಒಂದು ವ್ಯವಸ್ಥೆಯಿತ್ತು. ಅದನ್ನು ತಿಳಿಯದೆ ಆ ಕ್ರೌರ್ಯವೂ ಅರ್ಥವಾಗದು, ಕರುಣೆಯೂ ಅರ್ಥವಾಗದು.

ಕಂಪೆನಿ ಸರ್ಕಾರದ ಮೊದಮೊದಲ ದಿನಗಳಲ್ಲಿ ಸೆರೆಮನೆಗೆ ಹೇಳಿಕೊಳ್ಳುವಂಥ ಶಿಸ್ತೇ ಇರಲಿಲ್ಲ. ಹಲವೆಡೆ ಕೈದಿಗಳು ಭತ್ಯದ ಕಾಸು ಪಡೆದು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಸಂಕೋಲೆ ತೊಟ್ಟು ರಸ್ತೆಯ ಕೆಲಸಕ್ಕೆ ಹೋಗುತ್ತಿದ್ದರು. ಮೆಕಾಲೆ ಸದಸ್ಯನಾಗಿದ್ದ ಸಮಿತಿಯೊಂದು 1838ರಲ್ಲಿ ವರದಿ ಒಪ್ಪಿಸಿ, ಕೆಳದರ್ಜೆಯ ನೌಕರರ ಲಂಚಕೋರತನವನ್ನೂ ಸಡಿಲ ಶಿಸ್ತನ್ನೂ ಖಂಡಿಸಿತು. 1844ರಲ್ಲಿ ವಾಯವ್ಯ ಪ್ರಾಂತಗಳಲ್ಲಿ ಸೆರೆಮನೆಗಳಿಗೆಂದೇ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಬಂದ. ಕಡೆಗೆ 1894ರ ಕಾರಾಗೃಹ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಚೌಕಟ್ಟನ್ನು ಒದಗಿಸಿತು. ಅಂದು ಮುಂಬಯಿ ಅಧಿಪತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರಗಳೂ, ಮದರಾಸಿಗೆ ಸೇರಿದ್ದ ಬಳ್ಳಾರಿ, ಮಂಗಳೂರುಗಳೂ ಆ ಚೌಕಟ್ಟಿನೊಳಗೇ ಇದ್ದವು.

ಪ್ರತಿ ಸೆರೆಮನೆಗೆ ಒಬ್ಬ ಸೂಪರಿಂಟೆಂಡೆಂಟ್, ಒಬ್ಬ ವೈದ್ಯಾಧಿಕಾರಿ, ಅವನ ಕೈಕೆಳಗೆ ಒಬ್ಬ ವೈದ್ಯ ಸಹಾಯಕ, ಒಬ್ಬ ಜೈಲರ್ ಇರತಕ್ಕದ್ದು ಎಂದು ಕಾಯಿದೆ ಹೇಳಿತು. ಶಿಸ್ತು, ದುಡಿಮೆ, ವೆಚ್ಚ, ಶಿಕ್ಷೆ ಎಲ್ಲವೂ ಸೂಪರಿಂಟೆಂಡೆಂಟನ ಹೊಣೆ. ಆತ ಇಡಬೇಕಾದ ಪುಸ್ತಕಗಳನ್ನೂ ಕಾಯಿದೆಯೇ ಹೆಸರಿಸಿದೆ: ಒಳಬಂದ ಕೈದಿಗಳ ದಾಖಲೆ, ಯಾರ ಬಿಡುಗಡೆ ಎಂದು ಎಂಬುದರ ದಾಖಲೆ, ಶಿಕ್ಷೆಯ ಪುಸ್ತಕ, ಸಂದರ್ಶಕರ ಪುಸ್ತಕ, ಕೈದಿಗಳಿಂದ ತೆಗೆದುಕೊಂಡ ಹಣ ಮತ್ತು ವಸ್ತುಗಳ ಲೆಕ್ಕ. ಮನುಷ್ಯನೊಬ್ಬ ಮಹಾದ್ವಾರ ದಾಟಿ ಒಳಬಂದ ಗಳಿಗೆಯಿಂದ ಹೊರಹೋಗುವ ಗಳಿಗೆಯವರೆಗೆ ಅವನ ಬಾಳು ಈ ಪುಸ್ತಕಗಳ ಅಂಕಣಗಳಲ್ಲಿ ಹಂಚಿಹೋಗುತ್ತಿತ್ತು.

ಜೈಲರನ ಪಾಡು ಇನ್ನೊಂದು ಬಗೆಯದು. ಆತ ಸೆರೆಮನೆಯಲ್ಲಿಯೇ ವಾಸಿಸಬೇಕು. ಲಿಖಿತ ಅನುಮತಿಯಿಲ್ಲದೆ ಒಂದು ರಾತ್ರಿಯೂ ಹೊರಗೆ ಕಳೆಯುವಂತಿಲ್ಲ. ಅನಿವಾರ್ಯವಾಗಿ ಹೊರಗುಳಿದರೆ ಕಾರಣವನ್ನು ಒಡನೆಯೇ ಮೇಲಧಿಕಾರಿಗೆ ತಿಳಿಸಬೇಕು. ಬೇರೆ ಉದ್ಯೋಗ ಕೂಡದು. ಕೈದಿ ಸತ್ತರೆ ತಕ್ಷಣ ವರದಿ ಮಾಡಬೇಕು. ಕೈದಿಯ ಬಾಗಿಲಿಗೆ ಬೀಗ ಹಾಕುವವನ ಬಾಳಿಗೂ ಒಂದು ಬಗೆಯ ಬೀಗ ಬಿದ್ದಿತ್ತು ಎನ್ನಬಹುದು. ಇನ್ನು ದ್ವಾರಪಾಲಕ. ಒಳಹೊರಗೆ ಹೋಗುವ ಯಾವ ವಸ್ತುವನ್ನಾದರೂ ಪರೀಕ್ಷಿಸುವ, ಸಂಶಯ ಬಂದ ಯಾರನ್ನಾದರೂ ತಡೆದು ಶೋಧಿಸುವ ಅಧಿಕಾರ ಅವನದು. ಯಾವ ಅಧಿಕಾರಿಯೂ ಕೈದಿಗೆ ಏನನ್ನೂ ಮಾರಬಾರದು, ಅವನೊಡನೆ ಹಣದ ವ್ಯವಹಾರವಿಟ್ಟುಕೊಳ್ಳಬಾರದು, ಸೆರೆಮನೆಗೆ ಸಾಮಾನು ಒದಗಿಸುವ ಗುತ್ತಿಗೆಯಲ್ಲಿ ಪಾಲುಗಾರನಾಗಬಾರದು. ಇಷ್ಟೊಂದು ನಿಷೇಧಗಳನ್ನು ಬರೆದಿಡಬೇಕಾಯಿತೆಂದರೆ, ಅವೆಲ್ಲ ನಡೆಯುವ ಭಯ ಸರ್ಕಾರಕ್ಕೆ ಎಷ್ಟಿತ್ತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಎಲ್ಲಕ್ಕಿಂತ ಇಕ್ಕಟ್ಟಿನದು ವೈದ್ಯಾಧಿಕಾರಿಯ ಸ್ಥಾನ. ದುಡಿಯುವ ಕೈದಿಗಳ ತೂಕವನ್ನು ಹದಿನೈದು ದಿನಗಳಿಗೊಮ್ಮೆಯಾದರೂ ಅವರವರ ಚೀಟಿಯಲ್ಲಿ ಬರೆಯಿಸಬೇಕು. ಸೆರೆಮನೆಯ ಶಿಸ್ತಿನಿಂದ ಕೈದಿಯ ಮನಸ್ಸಿಗೆ ಕೇಡಾಗುವಂತೆ ತೋರಿದರೆ ಸೂಪರಿಂಟೆಂಡೆಂಟನಿಗೆ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಲ ಏಕಾಂತದಲ್ಲಿಟ್ಟವನನ್ನು ಆತನಾಗಲಿ ಸಹಾಯಕನಾಗಲಿ ದಿನಕ್ಕೊಮ್ಮೆ ನೋಡಬೇಕು. ಕೈದಿಯೊಬ್ಬ ಸತ್ತರೆ, ಅವನು ಮೊದಲು ಕಾಯಿಲೆಯೆಂದು ಹೇಳಿಕೊಂಡದ್ದು ಯಾವ ದಿನ, ಅಂದು ಅವನಿಗೆ ಕೊಟ್ಟಿದ್ದ ಕೆಲಸ ಯಾವುದು, ಆಹಾರ ಯಾವುದು, ಸಾಯುವ ಮುನ್ನ ವೈದ್ಯರು ಕೊನೆಯ ಸಲ ನೋಡಿದ್ದು ಯಾವಾಗ ಎಂಬುದನ್ನೆಲ್ಲ ದಾಖಲು ಮಾಡಬೇಕು. ಓದುವಾಗ ಇದು ಮಾನವೀಯವಾದ ಕಾನೂನೆಂದೇ ತೋರುತ್ತದೆ. ಆದರೆ ಅದೇ ಕಾಯಿದೆ ಮೂವತ್ತು ಏಟುಗಳವರೆಗೆ ಬೆತ್ತದ ಶಿಕ್ಷೆಗೂ ಅವಕಾಶ ಕೊಟ್ಟಿತ್ತು. ಬೆತ್ತದ ದಪ್ಪ ಅರ್ಧ ಅಂಗುಲಕ್ಕೆ ಕಡಮೆಯಿರಕೂಡದು. ಹೊಡೆಯುವಾಗ ಸೂಪರಿಂಟೆಂಡೆಂಟನ ಜೊತೆಗೆ ವೈದ್ಯಾಧಿಕಾರಿಯಾಗಲಿ ಅವನ ಸಹಾಯಕನಾಗಲಿ ಹಾಜರಿರಬೇಕು. ವಾಸಿ ಮಾಡುವ ಕೈಯೇ ಈ ದೇಹ ಏಟನ್ನು ತಾಳಬಲ್ಲದೆಂದು ಸಹಿ ಹಾಕಬೇಕಿತ್ತು. ಇದರ ಮೇಲೆ, ವೈದ್ಯಾಧಿಕಾರಿಯೇ ಸೂಪರಿಂಟೆಂಡೆಂಟ್ ಆಗಿರಲೂಬಹುದೆಂದು ಕಾಯಿದೆ ಹೇಳಿತ್ತು. ಎಷ್ಟೋ ಜಿಲ್ಲೆಗಳಲ್ಲಿ ಸಿವಿಲ್ ಸರ್ಜನನೇ ಸೆರೆಮನೆಯ ಮುಖ್ಯಸ್ಥನೂ ಆಗಿರುತ್ತಿದ್ದ. ಶಿಸ್ತಿನಿಂದ ಮನಸ್ಸು ಕೆಡುತ್ತಿದೆಯೆಂದು ವೈದ್ಯನು ಯಾರಿಗೆ ವರದಿ ಮಾಡಬೇಕು? ತನಗೆ ತಾನೇ!

ಇವರೆಲ್ಲ ಸಂಬಳ ಪಡೆಯುವ ಅಧಿಕಾರಿಗಳು. ಆದರೆ ಹಗಲಿರುಳೂ ಕೈದಿಯ ಮೈಮೇಲೆ ನಿಲ್ಲುತ್ತಿದ್ದವನು ಹೆಚ್ಚಾಗಿ ಇನ್ನೊಬ್ಬ ಕೈದಿ. ನಡತೆ ಒಳ್ಳೆಯದೆಂದು ಕಂಡ ದೀರ್ಘಾವಧಿಯ ಕೈದಿಗಳನ್ನು ಮೇಲ್ವಿಚಾರಕರನ್ನಾಗಿ, ವಾರ್ಡರುಗಳನ್ನಾಗಿ ನೇಮಿಸುವ ಪದ್ಧತಿ ಬೆಳೆಯಿತು. 1894ರ ಕಾಯಿದೆ ಅವರನ್ನು ಸಾರ್ವಜನಿಕ ನೌಕರರೆಂದೇ ಪರಿಗಣಿಸಿತು. ಸರ್ಕಾರಕ್ಕೆ ಇದರಿಂದ ಖರ್ಚು ಉಳಿಯಿತು. ಆ ಕೈದಿಗೆ ಶಿಕ್ಷೆಯ ಅವಧಿಯಲ್ಲಿ ಮಾಫಿ ಸಿಕ್ಕಿತು. ಬೆಲೆ ತೆತ್ತವರು ಉಳಿದವರು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಈ ಪದ್ಧತಿಯ ಪರಾಕಾಷ್ಠೆಯನ್ನು ಕಾಣಬಹುದು. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಆ ಕಟ್ಟಡದಲ್ಲಿ ನಡುಗೋಪುರದಿಂದ ಏಳು ಸಾಲುಗಳು ಹೊರಟಿದ್ದವು. ಅಲ್ಲಿ ಪೆಟಿ ಆಫೀಸರ್, ಟಿಂಡಾಲ್, ಜಮಾದಾರ ಎಂದು ಕೈದಿಗಳಲ್ಲಿಯೇ ದರ್ಜೆಗಳಿದ್ದವು. ಗಾಣಕ್ಕೆ ಕಟ್ಟಿದ ಕೈದಿ ದಿನಕ್ಕೆ 30 ಪೌಂಡು ಕೊಬ್ಬರಿಯೆಣ್ಣೆ ತೆಗೆಯಬೇಕಿತ್ತು. ಅಳತೆ ಸರಿಯಾಯಿತೆ ಎಂದು ನೋಡಿ ಗದರಿಸುತ್ತಿದ್ದವನು, ಕೈಯೆತ್ತುತ್ತಿದ್ದವನು ಈ ಕೈದಿ-ಅಧಿಕಾರಿಯೇ. ಮೇಲಿನವರ ಕೈಗೆ ಮಸಿ ಅಂಟಲಿಲ್ಲ.

ಅಡುಗೆಮನೆಯ ಮಾತನ್ನೂ ಇಲ್ಲಿ ಹೇಳಬೇಕು. 1840ರ ದಶಕದಲ್ಲಿ ಉತ್ತರದ ಸೆರೆಮನೆಗಳಲ್ಲಿ ಎಲ್ಲರಿಗೂ ಒಂದೇ ಅಡುಗೆಯೆಂಬ ಏರ್ಪಾಡು ಬಂದಾಗ ಬಿಹಾರದಲ್ಲಿ ದೊಡ್ಡ ಗಲಭೆಗಳಾದವು. 1855ರಲ್ಲಿ ಹಿತ್ತಾಳೆಯ ಚೊಂಬುಗಳನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಹೊರಟಾಗ ಆರಾ ಮತ್ತು ಮುಜಫರ್‌ಪುರಗಳಲ್ಲಿ ಮತ್ತೆ ದಂಗೆ ಎದ್ದಿತು. ಸರ್ಕಾರ ಹೆದರಿತು. ಮುಂದೆ ಬಂದ ಪ್ರಾಂತೀಯ ಕೈಪಿಡಿಗಳು ಅಡುಗೆಗೆ ಮೇಲ್ಜಾತಿಯವರು, ಕಸ ಮಲಗಳ ಕೆಲಸಕ್ಕೆ ಕೆಳಜಾತಿಯವರು ಎಂದು ಬರೆದಿಟ್ಟುಬಿಟ್ಟವು. ಹೀಗೆ ಜಾತಿ ನೋಡಿ ಕೆಲಸ ಹಂಚುವುದೂ ಅಧಿಕಾರಿಯ ಕರ್ತವ್ಯವಾಯಿತು. ಬ್ರಿಟಿಷರು ಹೋದರು, ಈ ಬರಹ ಹೋಗಲಿಲ್ಲ. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಉಳಿದುಬಂದಿದ್ದ ಇಂಥ ನಿಯಮಗಳನ್ನು ಸುಪ್ರೀಂ ಕೋರ್ಟು ಸಂವಿಧಾನ ವಿರೋಧಿಯೆಂದು ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ಹಾಗಾದರೆ ಒಳ್ಳೆಯ ನಿಯಮಗಳೂ ಇದ್ದ ಕಾಯಿದೆ ಕೆಲಸಕ್ಕೇಕೆ ಬರಲಿಲ್ಲ? ನನಗೆ ತೋರುವುದಿಷ್ಟು. ದ್ವಾರಪಾಲಕ ಜೈಲರನಿಗೆ, ಜೈಲರ್ ಸೂಪರಿಂಟೆಂಡೆಂಟನಿಗೆ, ಆತ ಇನ್‌ಸ್ಪೆಕ್ಟರ್ ಜನರಲನಿಗೆ ಉತ್ತರ ಹೇಳಬೇಕಿತ್ತು. ಕೈದಿಗೆ ಉತ್ತರ ಹೇಳಬೇಕಾದವನು ಯಾವನೂ ಇರಲಿಲ್ಲ. ತೂಕವನ್ನು ಬರೆದರೆ ಕರ್ತವ್ಯ ಮುಗಿಯಿತು. ತೂಕ ಏಕೆ ಇಳಿಯಿತೆಂದು ಕೇಳುವ ಹಕ್ಕು ತೂಕ ಕಳೆದುಕೊಂಡವನಿಗಿರಲಿಲ್ಲ. ಕೇಳಲೇಬೇಕಾದರೆ ಅವನಿಗೆ ಉಳಿದದ್ದು ತನ್ನ ದೇಹವೊಂದೇ. 1929ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಜತೀಂದ್ರನಾಥ ದಾಸರು ರಾಜಕೀಯ ಕೈದಿಗಳಿಗೆ ಮನುಷ್ಯಯೋಗ್ಯವಾದ ಬಾಳುವೆ ಬೇಕೆಂದು ಅನ್ನ ಬಿಟ್ಟರು. ಬಲವಂತದ ಆಹಾರದ ಹಿಂಸೆಯನ್ನೂ ಉಂಡು, ಸೆಪ್ಟೆಂಬರ್ 13ರಂದು, ಅರವತ್ತಮೂರನೆಯ ದಿನ ತೀರಿಕೊಂಡರು. 1933ರ ಮೇ ತಿಂಗಳಲ್ಲಿ ಅಂಡಮಾನಿನಲ್ಲಿ ಉಪವಾಸ ಹೂಡಿದ್ದ ಮಹಾವೀರ ಸಿಂಗ್, ಮೋಹನ ಕಿಶೋರ ನಮದಾಸ್, ಮೋಹಿತ ಮೈತ್ರ ಈ ಮೂವರೂ ಹಾಗೆಯೇ ಪ್ರಾಣ ತೆತ್ತರು. ಕೈದಿಯನ್ನು ಜೀವಂತವಾಗಿಡುವುದು ಅಧಿಕಾರಿಯ ಕರ್ತವ್ಯವೆಂದೇ ನಳಿಗೆ ತೂರಿಸಿದ್ದು. ಕರ್ತವ್ಯಪಾಲನೆಯೇ ಕೊಲೆಯಾಗಿ ಮುಗಿಯಿತು.

ಸರ್ಕಾರಕ್ಕೂ ಇದರ ಅರಿವು ಇರಲಿಲ್ಲವೆನ್ನುವಂತಿಲ್ಲ. ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ ಸಮಿತಿ 1919–20ರಲ್ಲಿಯೇ, ಸೆರೆಮನೆಯ ಗುರಿ ಹೆದರಿಸುವುದಷ್ಟೇ ಅಲ್ಲ, ಮನುಷ್ಯನನ್ನು ತಿದ್ದುವುದೂ ಹೌದು ಎಂದು ಹೇಳಿತ್ತು. ಹೇಳಿದ್ದು ನಡೆಗೆ ಬರಲು ಬಹುಕಾಲ ಹಿಡಿಯಿತು. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಕಾರಾಗೃಹ ಕಾಯಿದೆ ಬಂದಿತು. 1978ರಲ್ಲಿ ದಿಲ್ಲಿಯ ತಿಹಾರ್ ಸೆರೆಮನೆಯ ಕೈದಿ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೆರೆಮನೆಯ ಬಾಗಿಲು ದಾಟಿದವನು ತನ್ನ ಮೂಲಭೂತ ಹಕ್ಕುಗಳನ್ನೆಲ್ಲ ಹೊರಗೆ ಬಿಟ್ಟುಬರುವುದಿಲ್ಲ ಎಂದು ಸ್ಪಷ್ಟಪಡಿಸಿತು. ಮೇಲಕ್ಕೆ ಮಾತ್ರ ಹರಿಯುತ್ತಿದ್ದ ಹೊಣೆ ಅಂದಿನಿಂದ, ಕಾನೂನಿನ ಮಾತಿನಲ್ಲಾದರೂ, ಕೈದಿಯ ಕಡೆಗೂ ತಿರುಗಿತು.

ಗೋಪುರದ ಕೆಳಗೆ ಈಗ ಜನ ಸಂಜೆಯ ಗಾಳಿಗೆ ಅಡ್ಡಾಡುತ್ತಾರೆ. ಯಾರನ್ನೂ ಕಾಯದೆ ಗೋಪುರ ಸುಮ್ಮನೆ ನಿಂತಿದೆ. ಅದು ಬರಿದಾಯಿತೆಂದು ನಾವು ಸಮಾಧಾನಪಡುವ ಹಾಗಿಲ್ಲ. ಸೆರೆಮನೆ ಊರ ನಡುವಿನಿಂದ ಪರಪ್ಪನ ಅಗ್ರಹಾರಕ್ಕೆ ಹೋಯಿತೇ ಹೊರತು ಇಲ್ಲವಾಗಲಿಲ್ಲ. ಕಣ್ಣಿಗೆ ಬೀಳದ ಗೋಡೆಗಳ ಆಚೆ ಬೀಗದ ಕೈ ಹಿಡಿದವರು ಇಂದೂ ತಮ್ಮ ಪುಸ್ತಕಗಳಲ್ಲಿ ಬರೆಯುತ್ತಿದ್ದಾರೆ. ಅದನ್ನು ತೆರೆದು ಓದುವ ಕರ್ತವ್ಯ ಮಾತ್ರ ಅವರದಲ್ಲ, ನಮ್ಮದು.