ದೋಸ್ತಿ ಮೊದಲು, ಪ್ರೀತಿ ಆಮೇಲೆ

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ತಳಕಲ್. ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋದವರು ಸೋಂಪುರ ರೋಡ್ ದಾಟಿದ ಮೇಲೆ ಕಿಟಕಿಯಿಂದ ನಮ್ಮೂರಿನ ಬೋರ್ಡ್ ನೋಡಿರಬಹುದು. ಇಳಿಯುವ ಪ್ರಸಂಗ ಬಂದಿರಲಿಕ್ಕಿಲ್ಲ ಬಿಡಿ :-)

ರಾತ್ರಿ ಊಟ ಆದ ಮೇಲೆ ಕಾಲೇಜಿಗೆ ಹೋಗೋ ನಮ್ಮಣ್ಣನ ಮಗಳು ಟೀವಿಯಲ್ಲಿ ಒಂದು ಹಳೇ ಹಿಂದಿ ಸಿನಿಮಾ ಹಾಕಿದಳು. 'ಜಾನೇ ತೂ... ಯಾ ಜಾನೇ ನಾ'. ಹಳೇದು ಅಂದಿದ್ದು ಅವಳು, ನಾನಲ್ಲ. 2008ರ ಜುಲೈ 4ಕ್ಕೆ ಬಿಡುಗಡೆಯಾದ ಸಿನಿಮಾ ನನಗೆ ನಿನ್ನೆ ಮೊನ್ನೆಯದು. ಆಗ ಬೆಂಗಳೂರಿನಲ್ಲಿ ರೂಂಮೇಟ್‌ಗಳ ಜೊತೆ ಹೋಗಿ ನೋಡಿ, ನಕ್ಕು, ಹೊರಗೆ ಬಂದು ಚಹಾ ಕುಡಿದು ಮರೆತಿದ್ದೆ. ಈ ಸಲ ಊರಿನ ಪಡಸಾಲೆಯಲ್ಲಿ ಕೂತು ನೋಡುವಾಗ ಬೇರೆ ಏನೇನೋ ನೆನಪಾಯಿತು. ಅದನ್ನೇ ಬರೆದಿಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನೋಡದವರಿಗಾಗಿ ಕಥೆ ಚುಟುಕಾಗಿ. ಮುಂಬೈನಲ್ಲಿ ಜೈ ಅಂತ ಒಬ್ಬ ಹುಡುಗ, ಅದಿತಿ ಅಂತ ಒಬ್ಬ ಹುಡುಗಿ. ಒಂದೇ ಕಾಲೇಜು, ಒಂದೇ ಗೆಳೆಯರ ಗುಂಪು. ಇವರಿಬ್ಬರೂ ಜೋಡಿ ಅಂತ ಎಲ್ಲರಿಗೂ ಗೊತ್ತು, ಇವರಿಬ್ಬರಿಗೆ ಬಿಟ್ಟು! ಮನೆಯವರು ಮದುವೆ ಮಾತು ತೆಗೆದರೆ ನಗುತ್ತಾರೆ. ನಾವು ಬರೀ ಫ್ರೆಂಡ್ಸ್ ಅಂತ ಹೇಳಿ, ನಿನಗೆ ನಾನು ಜೋಡಿ ಹುಡುಕಿಕೊಡ್ತೀನಿ, ನನಗೆ ನೀನು ಹುಡುಕಿಕೊಡು ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ಬೇರೆ ಜೋಡಿ ಸಿಕ್ಕ ಮೇಲೆ ಹೊಟ್ಟೆಯಲ್ಲಿ ಸಂಕಟ ಶುರು. ಇಷ್ಟೇ ಕಥೆ. ಕೊನೆಗೆ ಏನಾಗುತ್ತದೆ ಅಂತ ಮೊದಲ ಹತ್ತು ನಿಮಿಷಕ್ಕೇ ಗೊತ್ತಾಗಿಬಿಡುತ್ತದೆ. ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಯಾಕೆ? ನನಗನ್ನಿಸುವುದು ಇದು. ಇವರು ಪ್ರೀತಿಸುತ್ತಾರೋ ಇಲ್ಲವೋ ಅನ್ನೋದು ನಮಗೆ ದೊಡ್ಡ ಕುತೂಹಲವೇ ಅಲ್ಲ. ಒಂದು ಹುಡುಗ, ಒಂದು ಹುಡುಗಿ ಯಾರ ಅಪ್ಪಣೆಯೂ ಇಲ್ಲದೆ ಇಷ್ಟು ವರ್ಷ ಗೆಳೆಯರಾಗಿ ಇದ್ದರಲ್ಲ, ಅದೇ ಮಜಾ. ಪ್ರೀತಿ ಆಮೇಲಿನ ಬೋನಸ್ಸು.

ಹಿಂದಿ ಸಿನಿಮಾ ಇಲ್ಲಿಗೆ ಬಂದು ಮುಟ್ಟಲು ಸುಮಾರು ಇಪ್ಪತ್ತು ವರ್ಷ ತೆಗೆದುಕೊಂಡಿತು. 1989ರ 'ಮೈನೆ ಪ್ಯಾರ್ ಕಿಯಾ' ನೆನಪಿದೆಯಾ? ಸಲ್ಮಾನ್ ಖಾನ್ ಭಾಗ್ಯಶ್ರೀಗೆ 'ಫ್ರೆಂಡ್' ಅಂತ ಬರೆದ ಟೋಪಿ ಕೊಟ್ಟಿದ್ದು? ಅದೇ ಸಿನಿಮಾದಲ್ಲಿ ಇನ್ನೊಂದು ಪಾತ್ರ, ಹುಡುಗ ಹುಡುಗಿ ಎಂದೂ ಬರೀ ದೋಸ್ತರಾಗಿ ಇರಲಾರರು ಅಂತ ತೀರ್ಪು ಕೊಡುತ್ತದೆ. ಸಿನಿಮಾ ಏನು ಹೇಳಲು ಹೊರಟಿತ್ತೋ ಏನೋ, ಜನರ ಬಾಯಲ್ಲಿ ಉಳಿದಿದ್ದು ಮಾತ್ರ ಆ ತೀರ್ಪು. ವಿಚಿತ್ರ ಅಂದ್ರೆ ಅದೇ 1989ರಲ್ಲಿ ಅಮೆರಿಕದಲ್ಲಿ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಬಂತು, ನೋರಾ ಎಫ್ರಾನ್ ಬರೆದದ್ದು. ಅಲ್ಲಿಯೂ ಇದೇ ಪ್ರಶ್ನೆ. ಅದರ ನೆರಳಿರುವ 'ಹಮ್ ತುಮ್' ಹಿಂದಿಯಲ್ಲಿ ಬಂದಿದ್ದು 2004ಕ್ಕೆ.

ನಡುವೆ 1992ರಲ್ಲಿ ಮನ್ಸೂರ್ ಖಾನ್ 'ಜೋ ಜೀತಾ ವಹೀ ಸಿಕಂದರ್' ಮಾಡಿದರು. ಅದರಲ್ಲಿ ಅಂಜಲಿ ಅನ್ನೋ ಹುಡುಗಿ ಮೊದಲಿನಿಂದಲೂ ಆಮೀರ್ ಖಾನ್ ಪಕ್ಕದಲ್ಲೇ ಇರುತ್ತಾಳೆ, ಗ್ಯಾರೇಜಿನಲ್ಲಿ ಕೈಗೆ ಮಸಿ ಮಾಡಿಕೊಂಡು. ಅವನಿಗೆ ಕಾಣುವುದೇ ಇಲ್ಲ. 1998ರ 'ಕುಛ್ ಕುಛ್ ಹೋತಾ ಹೈ'ನಲ್ಲೂ ಗೆಳತಿಯ ಹೆಸರು ಅಂಜಲಿಯೇ. ಪ್ರೀತಿ ಅಂದ್ರೆ ದೋಸ್ತಿ ಅಂತ ಆ ಸಿನಿಮಾ ಸಾರಿ ಸಾರಿ ಹೇಳಿತು. ಆದರೆ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಗಂಡುಬೀರಿ ಅಂಜಲಿ ಉದ್ದ ಕೂದಲು ಬಿಟ್ಟು, ಸೀರೆ ಉಟ್ಟ ಮೇಲಷ್ಟೇ ಶಾರುಖ್ ಕಣ್ಣಿಗೆ ಬಿದ್ದಳು. ಅಂದ್ರೆ ದೋಸ್ತಳಾಗಿ ಇರು, ಪರವಾಗಿಲ್ಲ, ಆದರೆ ಪ್ರೀತಿ ಬೇಕಾದರೆ ಬೇರೆಯವಳಾಗಿ ಬಾ ಅಂತ. ಇದು ನನಗೆ ಆಗಲೂ ಸರಿ ಕಂಡಿರಲಿಲ್ಲ.

'ಜಾನೇ ತೂ'ನಲ್ಲಿ ಅದಿತಿ ಬದಲಾಗುವುದಿಲ್ಲ. ಮೊದಲಿಗೂ ಜಗಳಗಂಟಿ, ಕೊನೆಗೂ ಜಗಳಗಂಟಿ. ಜೈ ಬಲು ಸಾಧು. ಅವನ ಅಪ್ಪ ರಜಪೂತ, ತೀರಿಕೊಂಡು ಗೋಡೆಯ ಮೇಲೆ ಫೋಟೋ ಆಗಿದ್ದಾನೆ. ಫೋಟೋ ಒಳಗಿನಿಂದಲೇ ನಸೀರುದ್ದೀನ್ ಶಾ ಹೆಂಡತಿ ಜೊತೆ ವಾದಕ್ಕೆ ಇಳಿಯುತ್ತಾರೆ. ಹೆಂಡತಿಯ ಪಾತ್ರದಲ್ಲಿ ನಿಜ ಜೀವನದ ಹೆಂಡತಿ ರತ್ನಾ ಪಾಠಕ್ ಶಾ! ಆ ಮನೆತನದ ಗಂಡಸು ಅನ್ನಿಸಿಕೊಳ್ಳಲು ಮೂರು ಷರತ್ತು. ಕುದುರೆ ಏರಬೇಕು, ಯಾರಿಗಾದರೂ ಹೊಡೆಯಬೇಕು, ಜೈಲಿಗೆ ಹೋಗಬೇಕು. ಮಗ ಹಾಗೆ ಆಗಬಾರದು ಅಂತ ಅಮ್ಮ ಅಹಿಂಸೆ ಕಲಿಸಿ ಬೆಳೆಸಿದ್ದಾಳೆ. ಗಂಡಸುತನ ಅನ್ನೋದನ್ನೇ ಇಷ್ಟು ಹಗುರಾಗಿ ಗೇಲಿ ಮಾಡಿದ ಹಿಂದಿ ಸಿನಿಮಾ ನನಗೆ ಹೆಚ್ಚು ನೆನಪಾಗುವುದಿಲ್ಲ. ಬರೆದು ನಿರ್ದೇಶಿಸಿದ ಅಬ್ಬಾಸ್ ಟೈರ್‌ವಾಲಾಗೆ ಅದು ನಿರ್ದೇಶನದ ಮೊದಲ ಚಿತ್ರ. 'ಮುನ್ನಾಭಾಯಿ ಎಂಬಿಬಿಎಸ್'ಗೆ ಸಂಭಾಷಣೆ ಬರೆದವರು, ಹಾಗಾಗಿ ತಮಾಷೆ ಕೈಯಲ್ಲೇ ಇತ್ತು. ಎ.ಆರ್. ರೆಹಮಾನ್ ಸಂಗೀತ ಬೇರೆ. ಗೆಳತಿಯ ಬೆಕ್ಕು ಸತ್ತಾಗ ಸಮಾಧಾನ ಮಾಡಲು ಹಾಡುವ ಹಾಡು ಆ ವರ್ಷ ಎಲ್ಲರ ಮೊಬೈಲಿನಲ್ಲೂ ಇತ್ತಲ್ಲ.

ಈಗ ನಮ್ಮ ಕಡೆಯ ಕೊಂಡಿಗಳಿಗೆ ಬರ್ತೀನಿ. ಹುಡುಕಿದಷ್ಟೂ ಸಿಗುತ್ತಾ ಹೋದವು.

ಅದಿತಿಯಾಗಿ ನಟಿಸಿದ ಜೆನಿಲಿಯಾ ಹುಟ್ಟಿದ್ದು, ಬೆಳೆದಿದ್ದು ಮುಂಬೈ. ಆದರೆ ಮನೆತನ ಮಂಗಳೂರು ಮೂಲದ ಕ್ಯಾಥೊಲಿಕ್, ಕೊಂಕಣಿಯವರು. ಅದೇ 2008ರಲ್ಲಿ ಕನ್ನಡದಲ್ಲಿ ಶಿವರಾಜ್‌ಕುಮಾರ್ ಜೊತೆ 'ಸತ್ಯ ಇನ್ ಲವ್' ಮಾಡಿದರು. ಮತ್ತೆ ಕನ್ನಡಕ್ಕೆ ಬಂದಿದ್ದು 2025ರ 'ಜೂನಿಯರ್'ಗೆ. ಜೈ ಆಗಿ ನಟಿಸಿದ ಇಮ್ರಾನ್ ಖಾನ್, ಮನ್ಸೂರ್ ಖಾನ್‌ರ ಸೋದರಳಿಯ. 1988ರ 'ಕಯಾಮತ್ ಸೆ ಕಯಾಮತ್ ತಕ್'ನಲ್ಲಿ ಚಿಕ್ಕ ಆಮೀರ್ ಆಗಿ ಬರುವ ಪುಟ್ಟ ಹುಡುಗ ಇವನೇ. ಆ ಸಿನಿಮಾದ ನಾಯಕಿ ಜೂಹಿ ಚಾವ್ಲಾ ಅದಕ್ಕೂ ಒಂದು ವರ್ಷ ಮೊದಲು, 1987ರಲ್ಲಿ, ನಮ್ಮ ರವಿಚಂದ್ರನ್ 'ಪ್ರೇಮಲೋಕ'ದಲ್ಲಿ ಕಾಲೇಜು ಹುಡುಗಿ. ಕಾಲೇಜು ಅಂದ್ರೆ ಹೀಗೂ ಇರುತ್ತಾ ಅಂತ ನಮ್ಮಂಥ ಹಳ್ಳಿ ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದ ಸಿನಿಮಾ ಅದು.

ಇನ್ನೊಂದು ಕೊಂಡಿ ಇದಕ್ಕಿಂತ ಸೊಗಸಾಗಿದೆ. 1999ರಲ್ಲಿ ಮಲಯಾಳಂನಲ್ಲಿ ಕಮಲ್ ನಿರ್ದೇಶನದ 'ನಿರಂ' ಬಂತು. ಚಿಕ್ಕಂದಿನಿಂದ ಜೊತೆಯಲ್ಲೇ ಬೆಳೆದ ಹುಡುಗ ಹುಡುಗಿ, ಇಬ್ಬರ ಮನೆಯವರೂ ಆಪ್ತರು, ಪ್ರೀತಿ ಅಂತ ಗೊತ್ತಾಗುವುದು ತಡವಾಗಿ. ಆ ಕಥೆ 2000ದಲ್ಲಿ ತೆಲುಗಿನ 'ನುವ್ವೇ ಕಾವಾಲಿ' ಆಯಿತು. 2001ರಲ್ಲಿ ತಮಿಳಿಗೆ ಹೋಯಿತು. 2002ರಲ್ಲಿ ಕನ್ನಡಕ್ಕೆ ಬಂತು. ಅದೇ ಎಸ್. ಮಹೇಂದರ್ ನಿರ್ದೇಶನದ 'ನಿನಗಾಗಿ', ವಿಜಯ ರಾಘವೇಂದ್ರ ಮತ್ತು ರಾಧಿಕಾ ಜೋಡಿ. 2003ರ ಜನವರಿಯಲ್ಲಿ ಹಿಂದಿಗೆ 'ತುಝೆ ಮೇರಿ ಕಸಮ್' ಆಗಿ ಹೋಯಿತು. ಅದರಲ್ಲಿ ಹೊಸ ನಾಯಕಿ ಯಾರು ಗೊತ್ತಾ? ಇದೇ ಜೆನಿಲಿಯಾ! ಜೊತೆಗೆ ಹೊಸ ನಾಯಕ ರಿತೇಶ್ ದೇಶಮುಖ್. 2012ರಲ್ಲಿ ಇಬ್ಬರೂ ನಿಜವಾಗಿಯೂ ಮದುವೆಯಾದರು.

ನಾಲ್ಕೇ ವರ್ಷದಲ್ಲಿ ಒಂದೇ ಕಥೆ ಐದು ಭಾಷೆ ತಿರುಗಿತು. ಕನ್ನಡದಲ್ಲಿ ಅದು ರೀಮೇಕ್ ಆಗಿಯೇ ಬರಬೇಕಿತ್ತು. 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್ ಚಿತ್ರಗಳಿಗೆ ಇಲ್ಲಿ ಬಾಗಿಲು ಮುಚ್ಚಿತ್ತು. ಸ್ಪರ್ಧಾ ಆಯೋಗದ ತೀರ್ಪು ಬಂದಿದ್ದು 2015ರಲ್ಲಿ. ರೀಮೇಕ್ ಅಂತ ಮೂಗು ಮುರಿಯುವವರು ಮುರಿಯಲಿ. ನಾಲ್ಕು ವರ್ಷದಲ್ಲಿ ಐದು ಭಾಷೆಯ ನಿರ್ಮಾಪಕರಿಗೆ ಒಂದೇ ಕಥೆ ಬೇಕಾಯಿತು ಅಂದ್ರೆ ಏನರ್ಥ? ಎಲ್ಲ ಕಡೆಯೂ ಹುಡುಗ ಹುಡುಗಿಯರು ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದ್ದರು. ಅವರ ನಡುವಿನ ಸಂಬಂಧಕ್ಕೆ ಹಳೇ ಹೆಸರುಗಳು ಸಾಲುತ್ತಿರಲಿಲ್ಲ. ಸಿನಿಮಾದವರು ಅದನ್ನು ಮೊದಲು ವಾಸನೆ ಹಿಡಿದರು, ಅಷ್ಟೇ.

ಹೆಸರು ಅಂದಾಗ ನೆನಪಾಯಿತು. ನಮ್ಮ ಕಡೆ ಗೆಳೆಯನಿಗೆ 'ದೋಸ್ತ' ಅಂತೀವಿ. ಪಾರ್ಸಿ ಪದ, ನಿಜಾಮರ ಕಾಲದ ಉರ್ದುವಿನ ಬಳುವಳಿ. ತಳಕಲ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಪಕ್ಕದ ಗದಗ ಬ್ರಿಟಿಷರ ಮುಂಬೈ ಪ್ರಾಂತ್ಯದ್ದು. ರೈಲಿನಲ್ಲಿ ಕೂತರೆ ಕೆಲವೇ ಸ್ಟೇಷನ್ನಿಗೆ ಒಂದು ಸರಕಾರ ಮುಗಿದು ಇನ್ನೊಂದು ಶುರು. ನಮ್ಮ ಕಡೆ ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಉರ್ದು ಮಾತ್ರ ಬಾಯಲ್ಲಿ ಉಳಿಯಿತು. ಹಿಂದಿ ಸಿನಿಮಾ ನಮ್ಮ ಹಿರಿಯರಿಗೆ ಪರಭಾಷೆ ಅನ್ನಿಸದಿರಲು ಅದೂ ಒಂದು ಕಾರಣ.

ಆದರೆ ದೋಸ್ತ ಅನ್ನೋ ಪದ ಗಂಡುಹುಡುಗರ ನಡುವೆ ಮಾತ್ರ. ಹುಡುಗಿಗೆ ಹುಡುಗಿ ಗೆಳತಿ. ಹುಡುಗಿಗೆ ಹುಡುಗ ಏನು? ಅದಕ್ಕೆ ನಮ್ಮೂರಲ್ಲಿ ಪದವೇ ಇರಲಿಲ್ಲ. ಅಣ್ಣ ಆಗಬೇಕು, ಇಲ್ಲಾ ಮಾವನ ಮಗ ಆಗಬೇಕು. ಎರಡೂ ಅಲ್ಲದಿದ್ದರೆ ಗದ್ದಲವೇ. ಮಾತಾಡಿಸಲು ಅನುಕೂಲ ಆಗಲಿ ಅಂತಲೇ ಎಷ್ಟು ಜನ ಅಣ್ಣ ತಂಗಿ ಆಗಿದ್ದಾರೋ ಲೆಕ್ಕ ಇಟ್ಟವರಿಲ್ಲ :-)

ನಾವು ಕಾಲೇಜಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆವು. ಹುಡುಗಿಯರದು ಒಂದು ಕಡೆ, ನಮ್ಮದು ಒಂದು ಕಡೆ. ನಮ್ಮ ಜೊತೆ ಓದುತ್ತಿದ್ದವರಲ್ಲಿ ಒಬ್ಬಳು ಲೆಕ್ಕದಲ್ಲಿ ಬಹಳ ಚುರುಕು. ನನಗೂ ಇನ್ನೊಬ್ಬನಿಗೂ ರೈಲಿನಲ್ಲೇ ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ದಿನ ರೈಲು ತಡ ಆಯಿತು. ಸ್ಟೇಷನ್ನಿನಲ್ಲಿ ಮೂವರೂ ನಿಂತು ಚಹಾ ಕುಡಿದೆವು. ಊರಿನ ಯಾರೋ ನೋಡಿದರು. ಮುಂದಿನ ಸೋಮವಾರದಿಂದ ಅವಳು ಬರಲಿಲ್ಲ. ಮೂರು ತಿಂಗಳಿಗೆ ಮದುವೆ ಆಯಿತು. ನಮ್ಮಿಬ್ಬರಿಗೆ ಮನೆಯಲ್ಲಿ ಎರಡು ಮಾತು ಬೈಗುಳ ಬಿತ್ತು, ಅಷ್ಟೇ. ನಾವು ಡಿಗ್ರಿ ಮುಗಿಸಿದೆವು. ಅಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ. ಇದ್ದಿದ್ದು ದೋಸ್ತಿ ಮಾತ್ರ. ಅದಕ್ಕೆ ಹೆಸರು ಇರಲಿಲ್ಲವಾದ್ದರಿಂದ ನೋಡಿದವರು ತಮಗೆ ಗೊತ್ತಿದ್ದ ಹೆಸರು ಇಟ್ಟರು.

2008ರಲ್ಲಿ ಈ ಸಿನಿಮಾ ನೋಡುವಾಗ ನನಗೆ ಇದು ನೆನಪಾಗಿರಲಿಲ್ಲ. ಈ ಸಲ ಆಯಿತು.

ಹಾಗಂತ ಊರು ಅಲ್ಲೇ ನಿಂತಿಲ್ಲ. 2001ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಂಗಸರಲ್ಲಿ ಓದು ಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ. 2011ರ ಹೊತ್ತಿಗೆ ಅರ್ಧ ದಾಟಿತ್ತು. 2006-07ರಲ್ಲಿ ಸರಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು, ನಮ್ಮೂರ ರಸ್ತೆಯಲ್ಲಿ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವುದನ್ನು ನೋಡಿ ಮುದುಕರು ಬೆರಗಾದರು. ತಳಕಲ್‌ಗೇ ಸರಕಾರಿ ಇಂಜಿನಿಯರಿಂಗ್ ಕಾಲೇಜು ಬಂತು. 2023ರಿಂದ ಹೆಂಗಸರಿಗೆ ಸರಕಾರಿ ಬಸ್ ಪುಕ್ಕಟೆ. 2025ರ ಮೇ ತಿಂಗಳಲ್ಲಿ ನಮ್ಮೂರಿನಿಂದ ಕವಲೊಡೆದು ಕುಷ್ಟಗಿಗೆ ಹೊಸ ರೈಲು ಮಾರ್ಗವೇ ಶುರುವಾಯಿತು. ಸ್ನೇಹಕ್ಕೆ ಮನಸ್ಸು ಒಂದಿದ್ದರೆ ಸಾಲದು, ಪಕ್ಕಪಕ್ಕ ಕೂರಲು ಒಂದು ಬೆಂಚೂ ಬೇಕು. ಆ ಬೆಂಚು ನಮ್ಮ ಕಡೆ ಹೀಗೆ ಒಂದೊಂದೇ ಹಲಗೆ ಜೋಡಿಸಿ ತಯಾರಾಯಿತು. ಮುಂಬೈನ ಜೈ ಅದಿತಿಗೆ ಅದು ಹುಟ್ಟುವಾಗಲೇ ಸಿಕ್ಕಿತ್ತು.

ಸಿನಿಮಾದ ಬಗ್ಗೆ ನನ್ನ ತಕರಾರೂ ಅದೇ. ಅಲ್ಲಿ ಯಾರಿಗೂ ಜಾತಿ ಅಡ್ಡ ಬರುವುದಿಲ್ಲ, ದುಡ್ಡಿನ ಚಿಂತೆ ಇಲ್ಲ. ಇನ್ನೊಂದು ತಕರಾರು. ಮೂರು ಷರತ್ತನ್ನು ಅಷ್ಟು ಚೆಂದ ಗೇಲಿ ಮಾಡಿ, ಕೊನೆಗೆ ಜೈ ಕೈಯಿಂದ ಮೂರನ್ನೂ ಮಾಡಿಸಿಬಿಡುತ್ತಾರೆ. ಅದಿತಿಗೆ ಹೊಡೆದವನಿಗೆ ಬಾರಿಸಿ, ಲಾಕಪ್ಪು ಕಂಡು, ಕುದುರೆ ಏರಿ ಏರ್‌ಪೋರ್ಟಿಗೆ ಹೋಗುತ್ತಾನೆ. ತಮಾಷೆಗೆ ಅಂತ ಒಪ್ಪಿಕೊಂಡರೂ, ಅಮ್ಮ ಕಲಿಸಿದ ಅಹಿಂಸೆ ಕೊನೆಗೆ ಉಪಯೋಗಕ್ಕೆ ಬರಲಿಲ್ಲವಲ್ಲ ಅಂತ ಬೇಜಾರು. ಆದರೆ ನಗುತ್ತಾ ನಗುತ್ತಾ ಕ್ಷಮಿಸಿಬಿಡುತ್ತೇವೆ. ಇಂಥ ಸಿನಿಮಾಗಳ ಮೋಡಿಯೇ ಅದು.

ಸಿನಿಮಾ ಮುಗಿದ ಮೇಲೆ ಅಣ್ಣನ ಮಗಳು ಕೇಳಿದಳು, "ಕಾಕಾ, ಇಷ್ಟು ಸಣ್ಣ ಮಾತು ಗೊತ್ತಾಗಾಕ ಇವರಿಗೆ ಅಷ್ಟು ದಿನ ಯಾಕ ಬೇಕಾತು?"

ಏನು ಹೇಳಲಿ? ದೋಸ್ತಿಯಲ್ಲಿ ಇದ್ದವರಿಗೆ ಅವಸರ ಇರಲ್ಲವ್ವಾ ಅಂದೆ. ಅಷ್ಟರಲ್ಲಿ ಅವಳ ಫೋನು ಬಡಕೊಂಡಿತು. ನೋಟ್ಸ್ ಬಗ್ಗೆ ಏನೋ ಮಾತು, ಆ ಕಡೆ ಹುಡುಗನ ದನಿ. ಅಡುಗೆಮನೆಯಿಂದ ಅತ್ತಿಗೆ "ಯಾರವ್ವಾ ಅದು?" ಅಂದರು. "ನನ್ನ ದೋಸ್ತ" ಅಂತ ಇಲ್ಲಿಂದಲೇ ಕೂಗಿ ಹೇಳಿ ಇವಳು ಮಾತು ಮುಂದುವರಿಸಿದಳು. ಅತ್ತಿಗೆ ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಪಾತ್ರೆ ತೊಳೆಯಲು ಶುರು ಮಾಡಿದರು.

ನನಗೆ ಆ ಲೆಕ್ಕದ ಹುಡುಗಿ ನೆನಪಾದಳು. ಈಗ ಎಲ್ಲಿದ್ದಾಳೋ. ಅವಳ ಮಗಳೂ ಕಾಲೇಜಿಗೆ ಬಂದಿರಬೇಕು.

ನಿಮ್ಮೂರಲ್ಲಿ ಹೇಗೆ? ಹುಡುಗಿಯ ಗೆಳೆಯನಿಗೆ ನಿಮ್ಮ ಕಡೆ ಏನಂತ ಕರೆಯುತ್ತಿದ್ದರು? ಗೊತ್ತಿದ್ದರೆ ಹೇಳಿ.